ನಿಮಗಿದು ಗೊತ್ತೇ? ಫೈಲು ನಿಮ್ಮದು, ಕೀಲಿ ಯಾರದು?

● ದೂರದ ಕಂಪ್ಯೂಟರಿಗೆ ಫೈಲು ದಾಟಿಸುವ ಎಫ್‌ಟಿಪಿ ಎಂಬ ನಿಯಮಾವಳಿಯನ್ನು ಮೊದಲು ಬರೆದವರು ಭಾರತೀಯರು. ಅಲಹಾಬಾದಿನಲ್ಲಿ ಹುಟ್ಟಿ, ಐಐಟಿ ಕಾನ್ಪುರದ ಮೊದಲ ಬ್ಯಾಚಿನಲ್ಲಿ ಓದಿ, ಅಮೆರಿಕದ ಎಂಐಟಿ ಸೇರಿದ್ದ ಅಭಯ್ ಭೂಷಣ್. ದಸ್ತಾವೇಜಿನ ದಿನಾಂಕ 1971ರ ಏಪ್ರಿಲ್ 16. ಆಗ ಬೆಂಗಳೂರಿನ ಇಂದಿನ ಎಲೆಕ್ಟ್ರಾನಿಕ್ ಸಿಟಿ ಇರುವ ಕೋನಪ್ಪನ ಅಗ್ರಹಾರದಲ್ಲಿ ಇನ್ನೂ ಹೊಲ ಉಳುತ್ತಿದ್ದರು.

● ಆ ಎಫ್‌ಟಿಪಿಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ನಿಮ್ಮ ಫೈಲು ಮಾತ್ರವಲ್ಲ, ಪಾಸ್‌ವರ್ಡ್ ಕೂಡ ತಂತಿಯ ಮೇಲೆ ಬಟ್ಟಬಯಲಾಗಿ ಹೋಗುತ್ತಿತ್ತು. ಜಾಲದಲ್ಲಿದ್ದವರು ಬೆರಳೆಣಿಕೆಯ ಸಂಶೋಧಕರು, ಹಾಗಾಗಿ ಯಾರಿಗೂ ಅದು ಕೊರತೆ ಅನ್ನಿಸಲಿಲ್ಲ. ಅಚ್ಚರಿಯೆಂದರೆ ಹಳೆಯ ಸಣ್ಣ ವೆಬ್‌ಸೈಟುಗಳ ನಿರ್ವಹಣೆಯಲ್ಲಿ ಇಂದಿಗೂ ಅದೇ ಬರಿಮೈ ಎಫ್‌ಟಿಪಿ ಓಡಾಡುತ್ತಿದೆ.

● ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡವರು ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗ. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಇದು ಶುರುವಾಯಿತು. ಬೆಂಗಳೂರನ್ನು ಭಾರತದ ಸಿಲಿಕಾನ್ ವ್ಯಾಲಿ ಮಾಡುತ್ತೇನೆ ಎಂದು ಬಾಳಿಗರು ಹೇಳುತ್ತಿದ್ದ ಕಾಲದಲ್ಲಿ ಊರಿನ ಮನೆಗಳಿಗೆ ಫೋನ್ ಸಿಗಲು ವರ್ಷಗಟ್ಟಲೆ ಕಾಯಬೇಕಿತ್ತು.

● ಇಲ್ಲಿನ ಎಂಜಿನಿಯರುಗಳು ಬರೆದ ಪ್ರೋಗ್ರಾಮು ಅಮೆರಿಕ ಮುಟ್ಟುತ್ತಿದ್ದದ್ದು ಹೇಗೆ? ಮೊದಮೊದಲು ಟೇಪು, ಫ್ಲಾಪಿಗಳಲ್ಲಿ, ವಿಮಾನದಲ್ಲಿ. ಇಲ್ಲವೇ ಬರೆದವರನ್ನೇ ಅಲ್ಲಿಗೆ ಕಳಿಸುತ್ತಿದ್ದರು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿಕೊಂಡಿತು. ಆದರೆ ಅಂಥ ತಟ್ಟೆ ಆಂಟೆನಾ ನೆಡಿಸುವ ಶಕ್ತಿ ಸಣ್ಣ ಕಂಪನಿಗಳಿಗೆಲ್ಲಿತ್ತು? 1991ರಲ್ಲಿ ಹುಟ್ಟಿದ ಎಸ್‌ಟಿಪಿಐ, ಅಂದರೆ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಭೂಕೇಂದ್ರ ನಡೆಸಿ ಸಂಪರ್ಕವನ್ನು ತುಂಡು ಮಾಡಿ ಬಾಡಿಗೆಗೆ ಕೊಟ್ಟಿತು. ಆಗಿನ ಮಾಮೂಲಿ ತುಂಡು ಸೆಕೆಂಡಿಗೆ 64 ಕಿಲೋಬಿಟ್. ಆ ವೇಗದಲ್ಲಿ ಒಂದು ಜಿಬಿ ಫೈಲು ಕಳಿಸಲು ಸುಮಾರು 35 ಗಂಟೆ ಬೇಕು. ಇಂದು ಮನೆಯ 100 ಎಂಬಿಪಿಎಸ್ ಫೈಬರಿಗೆ ಅದೇ ಕೆಲಸ 80 ಸೆಕೆಂಡಿನದು. ಬೆಂಗಳೂರಿನ ಸಾಫ್ಟ್‌ವೇರ್ ರಫ್ತಿನ ಬುನಾದಿ ಬಿದ್ದದ್ದು ಆ 35 ಗಂಟೆಯ ವೇಗದಲ್ಲಿ. ಅಷ್ಟು ಹೊತ್ತು ಕಾಯುವವರು ಅನಗತ್ಯ ಫೈಲು ಕಳಿಸುತ್ತಿರಲಿಲ್ಲ ಅನ್ನುವುದೂ ಒಂದು ಲಾಭ.

● 1995ಕ್ಕೆ ಎರಡು ನೆನಪು. ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ಅದಕ್ಕೆ ತಿಂಗಳ ಹಿಂದಷ್ಟೇ ಫಿನ್ಲೆಂಡಿನಲ್ಲಿ ತಾತು ಯ್ಲೋನೆನ್ ಎಂಬ ವಿಶ್ವವಿದ್ಯಾಲಯದ ಸಂಶೋಧಕರು ಎಸ್‌ಎಸ್‌ಎಚ್ ಹೊರತಂದರು. ತಮ್ಮ ಕ್ಯಾಂಪಸ್ಸಿನ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿಸಿಕೊಂಡದ್ದೇ ಅವರಿಗೆ ಪ್ರೇರಣೆ. ದೂರದ ಸರ್ವರಿನ ಜೊತೆ ಬೇರೆಯವರಿಗೆ ತಿಳಿಯದಂತೆ ಮಾತಾಡುವುದು, ಫೈಲು ಸಾಗಿಸುವುದು ಸಾಧ್ಯವಾದದ್ದು ಇದರಿಂದ. ಎಫ್‌ಟಿಪಿಯ ಪೋರ್ಟ್ (ಸರ್ವರಿನ ಬಾಗಿಲು) ಸಂಖ್ಯೆ 21, ದೂರದ ಕಂಪ್ಯೂಟರನ್ನು ಬಳಸುವ ಹಳೆಯ ನಿಯಮಾವಳಿ ಟೆಲ್ನೆಟ್‌ನದು 23. ನಡುವಿನ 22 ಖಾಲಿ ಇತ್ತು. ಅದನ್ನು ಕೊಡಿ ಎಂದು ಯ್ಲೋನೆನ್ ಸಂಖ್ಯೆ ಹಂಚುವವರಿಗೆ ಒಂದು ಮಿಂಚಂಚೆ ಬರೆದರು, ಮರುದಿನವೇ ಕೊಟ್ಟರು. ಅರ್ಜಿ, ಮೇಜು, ಮೊಹರು ಯಾವುದೂ ಇಲ್ಲ.

● ಇಂದು ಹೊಸ ಸರ್ವರ್ ಬಾಡಿಗೆಗೆ ಹಿಡಿದು ಅದರ 22ನೇ ಪೋರ್ಟ್ ತೆರೆದಿಡಿ. ಕೆಲವೇ ನಿಮಿಷಗಳಲ್ಲಿ ಗುರುತಿಲ್ಲದ ಊರುಗಳಿಂದ 'ರೂಟ್', 'ಅಡ್ಮಿನ್' ಎಂಬ ಹೆಸರುಗಳಲ್ಲಿ ಒಳನುಗ್ಗುವ ಪ್ರಯತ್ನ ಶುರುವಾಗುತ್ತದೆ. ನಿಮ್ಮ ಮೇಲಿನ ದ್ವೇಷವೇನಲ್ಲ. ಯಂತ್ರಗಳು ಇಡೀ ಇಂಟರ್‌ನೆಟ್ಟನ್ನು ಹಗಲಿರುಳು ಹೀಗೆ ತಡಕಾಡುತ್ತಲೇ ಇರುತ್ತವೆ. ಪಾಸ್‌ವರ್ಡ್ ಪ್ರವೇಶವನ್ನೇ ಮುಚ್ಚಿ ಕೀ-ಫೈಲಿನಿಂದ ಮಾತ್ರ ಒಳಗೆ ಹೋಗುವಂತೆ ಮಾಡಿದರೆ ಈ ಅಪಾಯ ಬಹುಪಾಲು ತೀರಿತು.

● ಹಾಟ್‌ಮೇಲ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದವರು. ಅವರ ಮಿಂಚಂಚೆ ಸೇವೆ ಶುರುವಾದದ್ದು 1996ರ ಜುಲೈ 4ರಂದು. ಆಮೇಲೆ ಫೈಲು ಹಂಚುವುದೆಂದರೆ ಮೇಲಿಗೆ ಅಂಟಿಸುವುದು ಎಂದೇ ಜನಕ್ಕೆ ಅಭ್ಯಾಸವಾಯಿತು.

● ಇಡೀ ಮೇಲಿಗೆ 25 ಎಂಬಿ ಮಿತಿ ಇಟ್ಟ ಸರ್ವರಿನಲ್ಲಿ ನಿಮ್ಮ 20 ಎಂಬಿ ಫೈಲು ಹೋಗುವುದಿಲ್ಲ. ಏಕೆ? ಮಿಂಚಂಚೆಯ ಹಳೇ ನಿಯಮ ಬರಿಯ ಅಕ್ಷರಗಳನ್ನಷ್ಟೇ ಒಪ್ಪುತ್ತಿತ್ತು. ಹಾಗಾಗಿ ಚಿತ್ರವನ್ನೋ ಪಿಡಿಎಫ್ಫನ್ನೋ ಅಕ್ಷರಗಳಾಗಿ ಮಾರ್ಪಡಿಸಬೇಕು. ಪ್ರತಿ 3 ಬೈಟಿಗೆ 4 ಅಕ್ಷರ. ಫೈಲು ಮೂರನೇ ಒಂದು ಪಾಲು ಊದಿಕೊಳ್ಳುತ್ತದೆ. 25ರಲ್ಲಿ ನಿಮಗೆ ದಕ್ಕುವುದು ಸುಮಾರು 18.

● ಡ್ರಾಪ್‌ಬಾಕ್ಸ್ ಹುಟ್ಟಿದ್ದು ಒಂದು ಮರೆವಿನಿಂದ. ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಹೊರಟಿದ್ದ ಡ್ರೂ ಹ್ಯೂಸ್ಟನ್ ಪೆನ್‌ಡ್ರೈವ್ ಮನೆಯಲ್ಲೇ ಬಿಟ್ಟಿದ್ದರು. ದಾರಿಯಲ್ಲೇ ಕೋಡ್ ಬರೆಯಲು ಕೂತರು. ಕಂಪನಿ ಶುರುವಾದದ್ದು 2007ರಲ್ಲಿ. ಎಲೆಕ್ಟ್ರಾನಿಕ್ ಸಿಟಿಯಲ್ಲಾದರೆ ಪೆನ್‌ಡ್ರೈವ್ ಮರೆಯದೆ ತಂದವರೇ ತೊಂದರೆಗೆ ಸಿಕ್ಕಿಕೊಳ್ಳುವುದು. ಹಲವು ಕ್ಯಾಂಪಸ್ಸುಗಳ ಗೇಟಿನಲ್ಲಿ ಅದನ್ನು ಬರೆಸಬೇಕು ಅಥವಾ ಬಿಟ್ಟು ಹೋಗಬೇಕು, ಕೆಲವೆಡೆ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಗ್ರಾಹಕರ ಗುಟ್ಟಿಗೆ ಇಷ್ಟೆಲ್ಲ ಕಾವಲು. ಅದೇ ಗೇಟಿನಿಂದ ಸಂಜೆ ಹೊರಬಂದ ಎಂಜಿನಿಯರು ತಮ್ಮ ಸೈಟಿನ ಕ್ರಯಪತ್ರ, ಹೆಂಡತಿಯ ಪ್ಯಾನ್ ಕಾರ್ಡು, ಮಗಳ ಜನನ ಪ್ರಮಾಣಪತ್ರ ಮೂರನ್ನೂ ವಾಟ್ಸ್‌ಆಪ್‌ನಲ್ಲಿ ಬ್ರೋಕರಿಗೆ ಕಳಿಸಿ ನಿಶ್ಚಿಂತರಾಗುತ್ತಾರೆ. ಈ ಅಂಕಣಕ್ಕೆ ಕಾರಣವೇ ಆ ನಿಶ್ಚಿಂತೆ.

● ಪಕ್ಕದ ಬೊಮ್ಮಸಂದ್ರ, ಜಿಗಣಿಯ ಬಿಡಿಭಾಗದ ಕಾರ್ಖಾನೆಗಳಲ್ಲಿ ಡ್ರಾಯಿಂಗ್ ಓಡಾಡುವುದು ಹೆಚ್ಚಾಗಿ ವಾಟ್ಸ್‌ಆಪ್‌ನಲ್ಲೇ. ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ, 3 ಯಾವುದು 8 ಯಾವುದು ತಿಳಿಯದೆ ಲೇತಿನ ಮುಂದೆ ನಿಂತವರು ಫೋನ್ ಮಾಡಬೇಕಾಗುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. 2022ರಿಂದ ಒಂದು ಫೈಲಿಗೆ 2 ಜಿಬಿವರೆಗೂ ಅವಕಾಶವಿದೆ.

● ಅದಕ್ಕೊಂದು ಬಾಲ. ಡಾಕ್ಯುಮೆಂಟ್ ಎಂದು ಕಳಿಸಿದ ಫೋಟೋದೊಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಹಾಗೆಯೇ ಉಳಿದಿರಬಹುದು. ಫೋಟೋ ಎಂದು ಕಳಿಸಿದರೆ ವಾಟ್ಸ್‌ಆಪ್ ಅದನ್ನು ಕಿತ್ತುಹಾಕುತ್ತದೆ. ಸ್ಪಷ್ಟತೆ ಬೇಕೆಂದರೆ ವಿಳಾಸವೂ ಜೊತೆಗೆ ಹೋಗುತ್ತದೆ.

● ಜಗತ್ತಿನ ಕಂಪನಿಗಳ ಸರ್ವರುಗಳನ್ನು ಹಗಲೂ ರಾತ್ರಿ ಕಾಯುವವರು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾರೆ, ಆ ಸರ್ವರುಗಳಲ್ಲಿ ಹೆಚ್ಚಿನವು ಮಾತ್ರ ಇಲ್ಲಿಲ್ಲ. ಅಮೆಜಾನ್ ತನ್ನ ಕ್ಲೌಡ್ ಕೇಂದ್ರಗಳನ್ನು 2016ರಲ್ಲಿ ಮುಂಬೈಯಲ್ಲೂ 2022ರಲ್ಲಿ ಹೈದರಾಬಾದಿನಲ್ಲೂ ತೆರೆಯಿತು. ಗೂಗಲ್ ಮುಂಬೈ, ದೆಹಲಿ ಆರಿಸಿಕೊಂಡಿತು. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಯಲ್ಲಿ ಶುರು ಮಾಡಿತು. ಬೆಂಗಳೂರನ್ನೇ ಆರಿಸಿಕೊಂಡದ್ದು ಸಣ್ಣವರ ಪಾಲಿನ ಡಿಜಿಟಲ್ ಓಷನ್, 2016ರಲ್ಲಿ. ಅದರ ಪಟ್ಟಿಯಲ್ಲಿ ನಮ್ಮೂರಿನ ಗುರುತು 'ಬಿಎಲ್‌ಆರ್1'. ಅಲ್ಲಿ ಒಂದು ಪುಟ್ಟ ಸರ್ವರಿನ ಬಾಡಿಗೆ ತಿಂಗಳಿಗೆ 4 ಡಾಲರಿನಿಂದ ಶುರುವಾಗುತ್ತದೆ. ಕುಟುಂಬದ ಕಾಗದಪತ್ರ ಹಂಚಿಕೊಳ್ಳಲು ಅಷ್ಟು ಸಾಕು. ಫೋಟೋ, ವಿಡಿಯೋ ತುಂಬಿಸಹೊರಟರೆ ಬಿಲ್ಲು ಬೆಳೆಯುತ್ತದೆ.

● ಸರ್ವರ್ ದೂರವಿದ್ದರೆ ಏನು ನಷ್ಟ? ಬೆಂಗಳೂರಿನಿಂದ ಚೆನ್ನೈ ಸುಮಾರು 350 ಕಿ.ಮೀ. ಅಲ್ಲಿಂದ ಸಿಂಗಪುರಕ್ಕೆ 2002ರಲ್ಲಿ ಹಾಕಿದ ಐ2ಐ ಸಮುದ್ರ ಕೇಬಲಿನ ಉದ್ದ ಸುಮಾರು 3,200 ಕಿ.ಮೀ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ ಹೋಗಿಬರಲು ಕನಿಷ್ಠ 35 ಮಿಲಿಸೆಕೆಂಡ್. ಅಮೆರಿಕದ ಪೂರ್ವ ತೀರಕ್ಕಾದರೆ 200 ದಾಟುತ್ತದೆ. ಒಂದು ದೊಡ್ಡ ಫೈಲಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಅಲ್ಲಿಗೆ 10,000 ಸಣ್ಣ ಫೋಟೋಗಳನ್ನು ಒಂದಾದ ಮೇಲೊಂದು ಕಳಿಸಿ, ಪ್ರತಿಯೊಂದಕ್ಕೂ ಒಮ್ಮೆ 'ಬಂತು' ಎಂಬ ಉತ್ತರಕ್ಕೆ ಕಾದರೆ ಬರೀ ಕಾಯುವುದಕ್ಕೇ ಅರ್ಧ ಗಂಟೆ ಮೀರುತ್ತದೆ. ಜಿಪ್ ಮಾಡಿ ಕಳಿಸಿ ಎಂದು ಹಳಬರು ಗೊಣಗುವುದು ಇದಕ್ಕೇ.

● ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿ.ಮೀ. ಹಳದಿ ಮೆಟ್ರೊ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಇದಕ್ಕೂ ಫೈಲಿಗೂ ಏನು ಸಂಬಂಧ? 2 ಟಿಬಿ ಹಾರ್ಡ್ ಡಿಸ್ಕ್ ಬ್ಯಾಗಿನಲ್ಲಿಟ್ಟುಕೊಂಡು ಮೆಟ್ರೊ ಹತ್ತಿ. ಈ ತುದಿಯಿಂದ ಆ ತುದಿಗೆ 40 ನಿಮಿಷ ಎಂದಿಟ್ಟುಕೊಂಡರೆ ನೀವು ಸಾಗಿಸಿದ ವೇಗ ಸೆಕೆಂಡಿಗೆ ಸುಮಾರು 6.7 ಗಿಗಾಬಿಟ್. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದ ಬಸ್ಸಿನಲ್ಲಿ ಎರಡು ಗಂಟೆ ಹಿಡಿದರೂ 2.2 ಗಿಗಾಬಿಟ್. ಮನೆಯ 100 ಎಂಬಿಪಿಎಸ್ ಸಂಪರ್ಕದಲ್ಲಿ ಅದೇ ಡಿಸ್ಕ್ ಖಾಲಿಯಾಗಲು 44 ಗಂಟೆ ಬೇಕು. ಜನರ ಓಡಾಟದ ಜೊತೆಗೆ ದತ್ತಾಂಶದ ಸಾಗಣೆಯನ್ನೂ ನಮ್ಮ ಮೆಟ್ರೊ ಮೂರು ಪಟ್ಟು ಚುರುಕು ಮಾಡಿದೆ ಎಂದರೆ ತಪ್ಪಲ್ಲ. ನಗಬೇಡಿ, ಅಮೆಜಾನ್ ಕೂಡ 2016ರಲ್ಲಿ 100 ಪೆಟಾಬೈಟ್ ತುಂಬುವ ಲಾರಿಯನ್ನೇ ರಸ್ತೆಗಿಳಿಸಿತ್ತು. 2024ರಲ್ಲಿ ಅದನ್ನು ನಿಲ್ಲಿಸಿತು.

● ಮದುವೆ ವಿಡಿಯೋ ಏಕೆ ಇನ್ನೂ ಹಾರ್ಡ್ ಡಿಸ್ಕಿನಲ್ಲೇ ಬರುತ್ತದೆ? ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ಚಿತ್ರೀಕರಣ ಗಂಟೆಗೆ 45 ಜಿಬಿ ನುಂಗುತ್ತದೆ. ವರಪೂಜೆ, ಧಾರೆ, ಆರತಕ್ಷತೆ ಎಲ್ಲ ಸೇರಿ ಆರು ಗಂಟೆಯಾದರೆ 270 ಜಿಬಿ. 50 ಎಂಬಿಪಿಎಸ್ ಅಪ್‌ಲೋಡಿನಲ್ಲಿ 12 ಗಂಟೆ. ಅದೂ ಒಂದೇ ಕ್ಯಾಮೆರಾ ಇದ್ದರೆ.

● ಕ್ಲೌಡ್ ಬೇಡ, ಮನೆಯ ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡುತ್ತೇನೆ ಎನ್ನುವವರು ಎಲೆಕ್ಟ್ರಾನಿಕ್ ಸಿಟಿ ಫೇಸ್ 1, ಫೇಸ್ 2ರ ಅಪಾರ್ಟ್‌ಮೆಂಟುಗಳಲ್ಲಿ ಬೇಕಾದಷ್ಟಿದ್ದಾರೆ. ಮೊದಲು ರೌಟರಿನ ಪುಟ ತೆರೆದು ಹೊರಗಿನ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮಗೆ ಸ್ವಂತ ವಿಳಾಸವೇ ಇಲ್ಲ. ವಿಳಾಸಗಳ ಕೊರತೆಯಿಂದ ಕಂಪನಿ ಒಂದನ್ನೇ ಹಲವು ಮನೆಗಳಿಗೆ ಹಂಚಿದೆ. ಮನೆಯಿಂದ ಹೊರಗೆ ಹೋಗಬಹುದು, ಹೊರಗಿನವರು ನಿಮ್ಮನ್ನು ಹುಡುಕಿ ಬರಲಾರರು. ಹೆಚ್ಚು ಹಣ ಕೊಟ್ಟು ಸ್ಥಿರ ಐಪಿ ಪಡೆಯುವುದು ಒಂದು ದಾರಿ. ಇನ್ನೊಂದು, ಹೊರಗೊಂದು ಪುಟ್ಟ ಸರ್ವರ್ ಬಾಡಿಗೆಗೆ ಹಿಡಿದು ಮನೆಯಿಂದ ಅಲ್ಲಿಗೆ ಸುರಂಗ ಹಾಕುವುದು. ಫೈಲು ಮನೆಯ ಡಿಸ್ಕಿನಲ್ಲೇ ಉಳಿಯುತ್ತದೆ, ಹೊರಗಿನ ಸರ್ವರ್ ಬರೀ ದಾರಿ ತೋರುತ್ತದೆ. ಬೆಸ್ಕಾಂ ಕರೆಂಟು ಹೋದಾಗ ಮಾತ್ರ ರೌಟರು, ಸುರಂಗ ಎರಡೂ ಒಟ್ಟಿಗೆ ಮಲಗುತ್ತವೆ, ಯುಪಿಎಸ್ ಇಲ್ಲದಿದ್ದರೆ.

● ಆ ಸುರಂಗಕ್ಕೆ ಈಗ ಹಲವರು ಬಳಸುವ ವೈರ್‌ಗಾರ್ಡ್ 2020ರ ಮಾರ್ಚಿನಲ್ಲಿ ಲಿನಕ್ಸಿನ ಭಾಗವಾಯಿತು. ಇಡೀ ಕೋಡು ಸುಮಾರು 4,000 ಸಾಲು. ಒಬ್ಬ ಮನುಷ್ಯ ಕೂತು ಓದಿ ಮುಗಿಸಬಹುದಾದಷ್ಟು ಎಂಬುದೇ ಅದರ ಹೆಗ್ಗಳಿಕೆ. ಗುಟ್ಟು ಕಾಯುವ ತಂತ್ರಾಂಶ ಚಿಕ್ಕದಾಗಿದ್ದಷ್ಟೂ ಒಳ್ಳೆಯದು ಎಂದು ನಾನೂ ನಂಬುತ್ತೇನೆ.

● ಬಾಡಿಗೆ ಸರ್ವರಿನಲ್ಲಿ ಗೂಗಲ್ ಡ್ರೈವಿನಂಥದ್ದನ್ನೇ ನಾವೇ ನಡೆಸಲು ಬಳಕೆಯಲ್ಲಿರುವ ನೆಕ್ಸ್ಟ್‌ಕ್ಲೌಡ್ ಹುಟ್ಟಿದ್ದು ಮನಸ್ತಾಪದಿಂದ. ಓನ್‌ಕ್ಲೌಡ್ ಕಟ್ಟಿದ್ದ ಜರ್ಮನಿಯ ಫ್ರಾಂಕ್ ಕಾರ್ಲಿಟ್ಶೆಕ್ ತಮ್ಮದೇ ಕಂಪನಿ ಬಿಟ್ಟು 2016ರ ಜೂನಿನಲ್ಲಿ ಅದೇ ಮುಕ್ತ ಕೋಡಿನಿಂದ ಇದನ್ನು ಶುರು ಮಾಡಿದರು. ಎರಡು ವರ್ಷದಲ್ಲಿ ಜರ್ಮನಿಯ ಸರ್ಕಾರಿ ಕಚೇರಿಗಳು ಇದನ್ನೇ ಆರಿಸಿಕೊಂಡವು.

● 2 ಜಿಬಿ ಫೈಲಿನಲ್ಲಿ ಒಂದು ಸಾಲು ಬದಲಿಸಿದರೆ ಮತ್ತೆ 2 ಜಿಬಿ ಕಳಿಸಬೇಕೇ? ಬೇಡ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಬರೆದ ಆರ್‌ಸಿಂಕ್ ಆ ಕಡೆಯ ಹಳೆಯ ಫೈಲನ್ನು ತುಂಡು ಮಾಡಿ, ಪ್ರತಿ ತುಂಡಿನ ಗುರುತನ್ನು ಈ ಕಡೆಯ ಹೊಸ ಫೈಲಿನಲ್ಲಿ ಹುಡುಕಿ, ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ.

● ನಡುವೆ ಸರ್ವರೇ ಬೇಡ ಎನ್ನುವವರಿಗೆ 2013ರಿಂದ ಸಿಂಕ್‌ಥಿಂಗ್ ಇದೆ. ನಿಮ್ಮ ಫೋನು, ನಿಮ್ಮ ಲ್ಯಾಪ್‌ಟಾಪು ನೇರ ಮಾತಾಡಿಕೊಳ್ಳುತ್ತವೆ. ದಾರಿ ಸಿಗದಿದ್ದಾಗ ಮಾತ್ರ ಮಧ್ಯದ ಸರ್ವರ್ ಮೂಲಕ ಹೋಗುತ್ತದೆ, ಅದೂ ಗೂಢಲಿಪಿಯಲ್ಲಿ.

● ಕನ್ನಡಿಗರಿಗೇ ಮೀಸಲಾದ ಒಂದೆರಡು ಫಜೀತಿಗಳಿವೆ, ಇವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಲಿನಕ್ಸ್ ಸರ್ವರುಗಳಲ್ಲಿ ಒಂದು ಫೈಲಿನ ಹೆಸರು ಸಾಮಾನ್ಯವಾಗಿ 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್. ಯುನಿಕೋಡ್ ಕನ್ನಡದ ಪ್ರತಿ ಚಿಹ್ನೆಗೆ 3. ಹಾಗಾಗಿ ನಮಗೆ ಸಿಗುವುದು 85 ಚಿಹ್ನೆ. ಅಷ್ಟು ಸಾಲದೇ ಎನ್ನಬೇಡಿ, ಒತ್ತು, ಗುಣಿತ, ವಿರಾಮ ಎಲ್ಲವೂ ಬೇರೆ ಬೇರೆ ಚಿಹ್ನೆಗಳು. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಚಿಹ್ನೆ, 18 ಬೈಟ್. ವಿಂಡೋಸ್ ಮಾತ್ರ ಬೈಟ್ ಎಣಿಸದೆ ಚಿಹ್ನೆ ಎಣಿಸುತ್ತದೆ. ಆದ್ದರಿಂದ 'ದೊಡ್ಡಪ್ಪನ ಕಾಲದ ಆನೇಕಲ್ ಜಮೀನಿನ ಪಹಣಿ, ಪೋಡಿ, ಮ್ಯುಟೇಶನ್ ಮತ್ತು ಎಲ್ಲ ಹಳೇ ಕಂದಾಯ ರಶೀದಿಗಳ ಪ್ರತಿಗಳು 2019ರ ನಂತರದ್ದು' ಎಂದು ನೀವು ಮನೆಯ ಲ್ಯಾಪ್‌ಟಾಪಿನಲ್ಲಿ ಇಟ್ಟ ಹೆಸರನ್ನು ವಿಂಡೋಸ್ ತಕರಾರಿಲ್ಲದೆ ಒಪ್ಪುತ್ತದೆ, ಸರ್ವರಿಗೆ ಹೋದಾಗ ತಿರಸ್ಕಾರವಾಗುತ್ತದೆ. ಅದೇ ಉದ್ದದ ಇಂಗ್ಲಿಷ್ ಹೆಸರು ಸಲೀಸಾಗಿ ಹೋಗುತ್ತದೆ. ತಪ್ಪು ಯಾರದು ಎಂದು ಪರದೆಯ ಮೇಲಿನ ಸಂದೇಶ ಹೇಳುವುದೇ ಇಲ್ಲ.

● ಎರಡನೆಯದು ಇನ್ನೂ ವಿಚಿತ್ರ. ಕನ್ನಡದ ಓತ್ವದ ದೀರ್ಘವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆ್ಯಪಲ್ ಕಂಪ್ಯೂಟರುಗಳ ಹಳೆಯ ಫೈಲು ವ್ಯವಸ್ಥೆ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು, ಲಿನಕ್ಸ್ ಬಂದದ್ದನ್ನು ಬಂದಂತೆ ಇಡುತ್ತದೆ. ಫಲ: ಅಣ್ಣನ ಮ್ಯಾಕ್‌ನಿಂದ ಬಂದ 'ಫೋಟೋ' ಎಂಬ ಫೋಲ್ಡರ್, ತಂಗಿಯ ವಿಂಡೋಸ್‌ನಿಂದ ಬಂದ 'ಫೋಟೋ' ಎಂಬ ಫೋಲ್ಡರ್, ಒಂದೇ ಸರ್ವರಿನಲ್ಲಿ ಅಕ್ಕಪಕ್ಕ ಎರಡು. ಒಂದನ್ನು ಅಳಿಸಿದವರಿಗೆ ಅರ್ಧ ಮದುವೆ ಹೋಯಿತು. ಸರ್ವರಿನ ಫೋಲ್ಡರುಗಳಿಗೆ ಕನ್ನಡದಲ್ಲೇ ಹೆಸರಿಡಿ, ಖಂಡಿತ ಇಡಿ. ಚಿಕ್ಕದಾಗಿಡಿ, ಎಲ್ಲರೂ ಒಬ್ಬರೇ ಮಾಡಿಕೊಟ್ಟ ಫೋಲ್ಡರಿಗೆ ಹಾಕಿ.

● ನುಡಿ, ಬರಹದ ಹಳೇ ಫಾಂಟುಗಳಲ್ಲಿ ಮಾಡಿದ ಆಮಂತ್ರಣವನ್ನು ಆ ಫಾಂಟಿಲ್ಲದವರು ತೆರೆದರೆ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಅದು ಗೂಢಲಿಪಿಯಲ್ಲ. ಸುರಕ್ಷಿತ ಎಂದುಕೊಳ್ಳಬೇಡಿ.

● 'ನಿಮ್ಮ ಫೈಲು ಎನ್‌ಕ್ರಿಪ್ಟ್ ಆಗಿದೆ' ಎಂದು ಪ್ರತಿ ಕಂಪನಿಯೂ ಹೇಳುತ್ತದೆ. ಸುಳ್ಳಲ್ಲ. ಆದರೆ ಪಿಜಿ ಕೋಣೆಗೆ ಬೀಗ ಹಾಕಿದ್ದೀರಿ, ಇನ್ನೊಂದು ಕೀಲಿ ಮಾಲೀಕರ ಹತ್ತಿರವೂ ಇದೆ ಎಂಬಂಥ ನಿಜ ಅದು. ದಾರಿಯಲ್ಲಿ ಯಾರೂ ಓದಲಾರರು, ಡಿಸ್ಕ್ ಕದ್ದವರೂ ಓದಲಾರರು, ಕೀಲಿ ತನ್ನಲ್ಲೂ ಇಟ್ಟುಕೊಂಡ ಕಂಪನಿ ಓದಬಲ್ಲದು, ಕಾನೂನು ಕೇಳಿದರೆ ತೆರೆದು ಕೊಡಬಲ್ಲದು. ಅದು ಬೇಡವೆಂದರೆ ಫೈಲು ನಿಮ್ಮ ಯಂತ್ರ ಬಿಡುವ ಮೊದಲೇ ಗೂಢಲಿಪಿಯಾಗಬೇಕು. ಕ್ರಿಪ್ಟೋಮೇಟರ್, ಆರ್‌ಕ್ಲೋನ್ ಎಂಬ ಉಚಿತ ಸಾಧನಗಳು ಮಾಡುವುದು ಇದನ್ನೇ. ಆಗ ಸರ್ವರ್ ಯಾರದಾದರೇನು, ಅವರ ಬಳಿ ಇರುವುದು ಅರ್ಥವಾಗದ ಬೈಟುಗಳ ರಾಶಿ. ಕೀಲಿ ಕಳೆದುಕೊಂಡರೆ ನಿಮಗೂ ಅಷ್ಟೇ.

● ಸಾವಿರ ಜನ ಒಂದೇ ಸಿನಿಮಾ ಫೈಲನ್ನು ಏರಿಸಿದರೆ ಕ್ಲೌಡಿನಲ್ಲಿ ಸಾವಿರ ಪ್ರತಿ ಇರಬೇಕಿಲ್ಲ. ಡ್ರಾಪ್‌ಬಾಕ್ಸ್ ಮೊದಲ ವರ್ಷಗಳಲ್ಲಿ ಫೈಲನ್ನು 4 ಎಂಬಿ ತುಂಡುಗಳಾಗಿಸಿ, ಗುರುತು ಒಂದೇ ಆಗಿದ್ದರೆ ಏರಿಸುವ ಕೆಲಸವನ್ನೇ ತಪ್ಪಿಸುತ್ತಿತ್ತು. ಆ ಗುರುತು ಮಾತ್ರ ಕೊಟ್ಟು ಬೇರೆಯವರ ಫೈಲು ಪಡೆಯಬಹುದೆಂದು 2011ರಲ್ಲಿ ಕೆಲವರು ತೋರಿಸಿಕೊಟ್ಟ ಮೇಲೆ ಅದನ್ನು ಬಿಗಿ ಮಾಡಿದರು.

● 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂಬ ಆಯ್ಕೆಯಲ್ಲಿ ಪಾಸ್‌ವರ್ಡ್ ಇಲ್ಲ, ಉದ್ದನೆಯ ವಿಳಾಸವೇ ಗುಟ್ಟು. ಆ ವಿಳಾಸ ಒಂದು ಬಹಿರಂಗ ಪುಟದಲ್ಲಿ ಬಿದ್ದರೆ ಮುಗಿಯಿತು. 2020ರ ಫೆಬ್ರವರಿಯಲ್ಲಿ ವಾಟ್ಸ್‌ಆಪ್ ಗುಂಪುಗಳ ಆಹ್ವಾನದ ಲಿಂಕುಗಳು ಗೂಗಲ್ ಹುಡುಕಾಟದಲ್ಲೇ ಸಿಗುತ್ತಿದ್ದದ್ದು ಹೀಗೆ. ನ್ಯೂಜೆರ್ಸಿಯ ಮಗಳಿಗೆಂದು ಅಪ್ಪ ಮಾಡಿದ ಲಿಂಕನ್ನು ಅವಳು ವಕೀಲರಿಗೆ, ವಕೀಲರು ಗುಮಾಸ್ತರಿಗೆ, ಗುಮಾಸ್ತರು ಜೆರಾಕ್ಸ್ ಅಂಗಡಿಯ ನಂಬರಿಗೆ ಕಳಿಸುವುದು ಒಂದು ಮಧ್ಯಾಹ್ನದ ಕೆಲಸ. ಇಮೇಲ್ ಹೆಸರಿಸಿ ಹಂಚಿದ್ದರೆ ಈ ಮೆರವಣಿಗೆ ಮಗಳ ಹತ್ತಿರವೇ ನಿಲ್ಲುತ್ತಿತ್ತು.

● ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86. ದೇಶದ ಪ್ರತಿ ಖಾಸಗಿ ಫೈಲಿನ ಬೆನ್ನಿಗೆ ಇಂದು ಬೆಂಗಳೂರಿನ ಒಬ್ಬ ಹಿರಿಯರ ಹೆಸರಿದೆ. ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

● ಭಾರತದಲ್ಲಿ ಸರ್ವರ್ ಬಾಡಿಗೆಗೆ ಪಡೆದರೆ ನಿಮ್ಮ ಹೆಸರು, ವಿಳಾಸ, ಐಪಿ ಎಲ್ಲವನ್ನೂ ಕಂಪನಿ 5 ವರ್ಷ ಇಟ್ಟುಕೊಳ್ಳಬೇಕು, ನೀವು ಬಿಟ್ಟುಹೋದ ಮೇಲೂ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವಿದು. ಅದನ್ನೊಪ್ಪದ ಹಲವು ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನೇ ಕಿತ್ತುಕೊಂಡು ಹೋದವು. ಕಚೇರಿಗಳು ತಮ್ಮ ನೌಕರರಿಗೆ ಕೊಡುವ ವಿಪಿಎನ್‌ಗೆ ಈ ನಿಯಮ ತಾಗುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿ ನಿಟ್ಟುಸಿರು ಬಿಟ್ಟಿತು.

● 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ದಂಡ 250 ಕೋಟಿ ರೂಪಾಯಿವರೆಗೂ ಏರಬಹುದು. ಮನೆಯವರ ಫೋಟೋ, ಕಾಗದಪತ್ರವನ್ನು ಮನೆಯ ಕೆಲಸಕ್ಕೆ ಇಟ್ಟುಕೊಂಡ ವ್ಯಕ್ತಿಗೆ ಅದು ಅನ್ವಯಿಸುವುದಿಲ್ಲ. ಅತ್ತೆಯ ಫೋಟೋ ಸರ್ವರಿಗೆ ಹಾಕಿದ್ದಕ್ಕೆ ಅತ್ತೆಯ ಒಪ್ಪಿಗೆ ಕಾಯ್ದೆಗೆ ಬೇಕಿಲ್ಲ. ಮನೆಯಲ್ಲಿ ಬೇಕಾಗಬಹುದು.

● 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ದೊಡ್ಡ ಫೈಲು ಕಳಿಸಲು ಲಕ್ಷಾಂತರ ಜನ ನೆಚ್ಚಿದ್ದ ವಿಟ್ರಾನ್ಸ್‌ಫರ್ ತಾಣವನ್ನು ದೂರಸಂಪರ್ಕ ಇಲಾಖೆ ಏಕಾಏಕಿ ತಡೆಹಿಡಿಯಿತು. ವಿನ್ಯಾಸಕಾರರು, ಸಂಕಲನಕಾರರು ಕಂಗಾಲಾದರು. ಒಂದೇ ಸೇವೆಯನ್ನು ನೆಚ್ಚಿಕೊಂಡವರ ಪಾಡು ಅದು.

● ಬ್ಯಾಂಕು, ಸರ್ಕಾರಗಳು ಸುರಕ್ಷಿತ ಫೈಲು ಸಾಗಣೆಗೆಂದೇ ಹಣ ಕೊಟ್ಟು ಕೊಂಡಿದ್ದ ಮೂವ್‌ಇಟ್ ಎಂಬ ತಂತ್ರಾಂಶದಲ್ಲೇ 2023ರ ಮೇನಲ್ಲಿ ಬಿರುಕು ಸಿಕ್ಕಿತು. ಕ್ಲಾಪ್ ಎಂಬ ದರೋಡೆಕೋರ ಗುಂಪು ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ದತ್ತಾಂಶ ದೋಚಿತು. ಸರ್ವರ್ ನಿಮ್ಮದೇ ಆಗಿದ್ದರೆ ತೇಪೆ ಹಾಕುವ ಕೆಲಸವೂ ನಿಮ್ಮದೇ. ಸಮಯಕ್ಕೆ ಅಪ್‌ಡೇಟ್ ಮಾಡಲಾಗದವರು ಸ್ವಂತ ಸರ್ವರಿನ ಗೋಜಿಗೆ ಹೋಗದಿರುವುದೇ ಲೇಸು.

● ಮೋಡ ಸುಡುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಸರ್ವರ್ ಕಟ್ಟಡ ಪೂರ್ತಿ ಉರಿದುಹೋಯಿತು. ಅದೇ ಜಾಗದಲ್ಲಿ ಬ್ಯಾಕಪ್ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ 'ಜಿ-ಡ್ರೈವ್' ಅಲ್ಲಿತ್ತು. ತುಂಬ ದೊಡ್ಡದು ಎಂಬ ಕಾರಣಕ್ಕೆ ಅದರ ಪ್ರತಿಯನ್ನು ಬೇರೆಲ್ಲೂ ಇಟ್ಟಿರಲಿಲ್ಲ. 858 ಟಿಬಿ ಬೂದಿಯಾಯಿತು. ನಮ್ಮ 2 ಟಿಬಿ ಡಿಸ್ಕಿನಲ್ಲಾದರೆ 429, ಒಂದು ಸ್ಟೀಲ್ ಬೀರುವಿನಲ್ಲಿ ಹಿಡಿಯುವಷ್ಟು. ದೊಡ್ಡದಾಗಿತ್ತು ಎಂಬುದು ನೆಪವೇ ಹೊರತು ಕಾರಣವಲ್ಲ.

● ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. 3-2-1 ಎಂಬ ಈ ಸೂತ್ರವನ್ನು ಜನಪ್ರಿಯಗೊಳಿಸಿದವರು ಎಂಜಿನಿಯರಲ್ಲ, ಪೀಟರ್ ಕ್ರೋ ಎಂಬ ಛಾಯಾಗ್ರಾಹಕ.

● ಎರಡು ವರ್ಷ ಮುಟ್ಟದ ಗೂಗಲ್ ಖಾತೆಯನ್ನು ಕಂಪನಿ ಅಳಿಸಿಹಾಕಬಹುದು, 2023ರ ಡಿಸೆಂಬರಿನಿಂದ. ತೀರಿಕೊಂಡ ಅಪ್ಪನ ಫೋಟೋಗಳು ಅವರ ಖಾತೆಯಲ್ಲೇ ಇದ್ದರೆ ಈಗಲೇ ಇಳಿಸಿಟ್ಟುಕೊಳ್ಳಿ.

● ಕೆಲವು ಕಾಗದಗಳನ್ನು ಹಂಚುವ ಅಗತ್ಯವೇ ಇಲ್ಲ. 2015ರ ಜುಲೈ 1ರಂದು ಶುರುವಾದ ಡಿಜಿಲಾಕರ್‌ಗೆ ಇಲಾಖೆಯೇ ನೇರ ಹಾಕಿದ ಅಂಕಪಟ್ಟಿ, ಚಾಲನಾ ಪರವಾನಗಿಗಳಿಗೆ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ. ನೀವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ.

● ಕೊನೆಯದಾಗಿ ಆಧಾರ್. ಇಳಿಸಿಕೊಂಡ ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ಎಂದು ಧೈರ್ಯದಿಂದ ಎಲ್ಲೆಡೆ ಕಳಿಸುತ್ತೇವೆ. ಆ ಪಾಸ್‌ವರ್ಡ್ ಏನು? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹುಟ್ಟಿದ ವರ್ಷ. ಫೈಲಿಗೆ ನಿಮ್ಮದೇ ಹೆಸರಿಟ್ಟಿದ್ದರೆ ಉಳಿದದ್ದು ವಯಸ್ಸು ಊಹಿಸುವುದಷ್ಟೇ. ಆಧಾರ್ ಪ್ರಾಧಿಕಾರವೇ ಉಚಿತವಾಗಿ ಕೊಡುವ 'ಮಾಸ್ಕ್ಡ್ ಆಧಾರ್' ಇದೆ, ಅದರಲ್ಲಿ 12 ಅಂಕಿಗಳ ಮೊದಲ 8 ಮುಚ್ಚಿರುತ್ತದೆ. ನೀಲಾದ್ರಿ ರಸ್ತೆಯ ಪಿಜಿಯಲ್ಲಿ ಕೋಣೆ ಹಿಡಿಯುವಾಗ, ಬಾಡಿಗೆ ಕರಾರಿಗೆ ಬ್ರೋಕರು ಕೇಳಿದಾಗ, ಅದನ್ನು ಕೊಡಿ. ಬೇಡ, ಪೂರ್ತಿ ನಂಬರೇ ಬೇಕು ಎಂದರೆ ಏಕೆ ಬೇಕು ಎಂದು ಒಮ್ಮೆ ಕೇಳಿ ನೋಡಿ.